ಗುಡ್ಡದ ಪಾಲು

ಸತ್ತ ಮರಿಯನ್ನು ಕಚ್ಚಿದ್ದು ಯಾವ ಪ್ರಾಣಿ ಎಂದು ತಿಳಿಯಬೇಕಾದರೆ ಮೇಲಿನ ರಕ್ತ ನೋಡಿ ಪ್ರಯೋಜನವಿಲ್ಲ. ಕತ್ತಿನ ಚರ್ಮ ಸುಲಿದು ಒಳಗೆ ನೋಡಬೇಕು. ಜೀವ ಇದ್ದಾಗ ಹಲ್ಲು ಇಳಿದಿದ್ದರೆ ತೂತಿನ ಸುತ್ತ ರಕ್ತ ಹರಡಿ, ಹೆಪ್ಪುಗಟ್ಟಿ ಕಪ್ಪಾಗಿರುತ್ತದೆ. ಸತ್ತ ಮೇಲೆ ಕಚ್ಚಿದ್ದರೆ ಬರೀ ತೂತು ಇರುತ್ತದೆ. ಇದನ್ನು ಪಶುವೈದ್ಯ ಕಾಲೇಜಿನಲ್ಲಿ ಕಲಿಸಿದ್ದರು. ಹಾಗೆ ಸುಲಿಯುವಾಗ ಸುತ್ತ ನಿಂತವರೆಲ್ಲ ತಮತಮಗೆ ಬೇಕಾದ ಉತ್ತರವನ್ನು ಮೊದಲೇ ಜೇಬಿನಲ್ಲಿಟ್ಟುಕೊಂಡು ಬಂದಿರುತ್ತಾರೆ ಎಂಬುದನ್ನು ಮಾತ್ರ ಯಾರೂ ಕಲಿಸಿರಲಿಲ್ಲ.

ಆ ಚಳಿಗಾಲದ ಬೆಳಿಗ್ಗೆ ನನ್ನ ಮುಂದೆ ಗೋಣಿತಟ್ಟಿನ ಮೇಲೆ ಸತ್ತ ಕುರಿಮರಿಗಳಿದ್ದವು. ಕೊಟ್ಟೂರಿನಿಂದ ಹರಪನಹಳ್ಳಿ ತಾಲೂಕಿನ ಅರಸೀಕೆರೆ ಕಡೆಗೆ ಹೋಗುವಾಗ ಸಿಗುವ ಒಂದು ಕುರುಚಲು ಗುಡ್ಡದ ಬುಡದ ಹೊಲ ಅದು. ಮೆಕ್ಕೆಜೋಳ ಮುರಿದಾಗಿತ್ತು. ನೆಲಕ್ಕೆ ಗೊಬ್ಬರ ಬೀಳಲಿ ಎಂದು ಹೊಲದ ಮಾಲೀಕ ಒಂದು ಕುರಿ ಹಿಂಡನ್ನು ಅಲ್ಲಿ ತರುಬಿಸಿಕೊಂಡಿದ್ದ. ಹಿಂಡಿನವರು ಕೂಡ್ಲಿಗಿ ಕಡೆಯ ಒಂದು ಹಟ್ಟಿಯ ಕುರುಬರು. ಯಜಮಾನ ಇನ್ನೊಂದು ಹಿಂಡು ಹೊಡೆದುಕೊಂಡು ಹಡಗಲಿ ಕಡೆ ಹೊಳೆದಂಡೆಗೆ ಹೋಗಿದ್ದ. ಈ ಹಿಂಡನ್ನು ನೋಡಿಕೊಳ್ಳುತ್ತಿದ್ದವಳು ಅವನ ಹೆಂಡತಿ, ನಡುವಯಸ್ಸಿನ ಗಟ್ಟಿ ಹೆಂಗಸು. ಜೊತೆಗೆ ಅವಳ ಮೈದುನ. ಮತ್ತೆ ಕೆಂಚ.

ಕೆಂಚ ಅವರ ನಾಯಿ. ಕೆಂಪು ಮೈ, ಅಗಲ ಎದೆ. ಕೊರಳಿಗೆ ಕಬ್ಬಿಣದ ಮುಳ್ಳಿನ ಪಟ್ಟಿ. ತೋಳವೋ ಚಿರತೆಯೋ ಗಂಟಲಿಗೆ ಬಾಯಿ ಹಾಕದಿರಲಿ ಎಂದು ಈ ಕಡೆ ಹಿಂಡಿನ ನಾಯಿಗಳಿಗೆ ಹಾಕುವ ಪಟ್ಟಿ ಅದು. ನಾನು ಹೋದಾಗಲೆಲ್ಲ ಕೆಂಚ ನನ್ನ ಚೀಲ ಮೂಸಿ, ಸೂಜಿಯ ವಾಸನೆಗೆ ಒಮ್ಮೆ ಸೀನಿ, ಕಾಲ ಬಳಿ ಬಂದು ಕೂರುತ್ತಿತ್ತು. ನನಗೆ ಅದೆಂದರೆ ಇಷ್ಟವಿತ್ತು.

“ಇನ್ನೇನ್ ನೋಡ್ತೀರಿ ಸರ್, ತೋಳಾನ ಅದು” ಎಂದ ಮಾಲೀಕ. “ಗುಡ್ಡದಾಗ ಮರಿ ಹಾಕೈತಿ. ಗವಿ ಎಲ್ಲಿ ಐತಿ ಅಂತ ನಮ್ಮ ಹುಡುಗ್ರು ನೋಡ್ಕೊಂಡು ಬಂದಾರ. ನೀವು ಒಂದು ಮಾತು ಹೇಳ್ರಿ, ಸಾಕು.”

ಅವನ ಹಿಂದೆ ಊರಿನ ಏಳೆಂಟು ಜನ ಒಣಹುಲ್ಲಿನ ಹೊರೆ, ಒಣಮೆಣಸಿನಕಾಯಿ ಚೀಲ ಹಿಡಿದು ನಿಂತಿದ್ದರು. ಗವಿಯ ಬಾಯಿಗೆ ಹೊಗೆ ಹಾಕಿ ಕಲ್ಲು ಮುಚ್ಚಿದರೆ ತಾಯಿ, ಮರಿ ಎಲ್ಲ ಒಳಗೇ ಮುಗಿಯುತ್ತವೆ. ಹಳ್ಳಕ್ಕೆ ಬಿದ್ದ ತೋಳಕ್ಕೆ ಆಳಿಗೊಂದು ಕಲ್ಲು ಎನ್ನುತ್ತಾರೆ. ಇವರಿಗೆ ಅದು ಹಳ್ಳಕ್ಕೆ ಬೀಳುವವರೆಗೂ ತಡೆಯಿರಲಿಲ್ಲ. ಅದು ಕಾನೂನಿನ ಪ್ರಕಾರ ಅಪರಾಧ ಎಂದೆ.

“ಕಾನೂನು ಹರಪನಹಳ್ಳಿ ಆಫೀಸಿನಾಗ ಇರ್ತೈತ್ರಿ. ತೋಳ ನಮ್ಮ ಹೊಲದಾಗ ಇರ್ತೈತಿ” ಎಂದು ಒಬ್ಬ ನಕ್ಕ.

ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಈ ಕೆಲಸಕ್ಕೆ ಸೇರಿದ ಮೇಲೆ ಒಳ್ಳೆಯದು, ಕೆಟ್ಟದ್ದು ಎಂಬ ಮಾತುಗಳ ಮೇಲೆ ನನಗೆ ನಂಬಿಕೆ ಹೋಗಿತ್ತು. ನಾನು ಲಸಿಕೆ ಹಾಕಿ ಉಳಿಸಿದ ಮರಿ ಕೊಬ್ಬಿ ಸಂತೆಗೆ ಹೋಗುತ್ತದೆ, ಸಂತೆಯಿಂದ ಸಾರಿನ ಗಡಿಗೆಗೆ. ಕುರಿ ಕೊಬ್ಬಿದಷ್ಟೂ ಕುರುಬನಿಗೇ ಲಾಭ ಎಂಬ ಗಾದೆಯಲ್ಲಿ ಪಶುವೈದ್ಯನ ಹೆಸರನ್ನೂ ಸೇರಿಸಬೇಕು. ಅದೇ ಮರಿಯನ್ನು ತೋಳ ತಿಂದರೆ ಮಾತ್ರ ಅನ್ಯಾಯ. ನಮಗೆ ಅನುಕೂಲವಾದದ್ದು ಪುಣ್ಯ, ಆಗದಿದ್ದದ್ದು ಪಾಪ, ಅಷ್ಟೇ ಎಂದು ಚಿಕಿತ್ಸಾಲಯದಲ್ಲಿ ಚಹಾ ಕುಡಿಯುವಾಗ ನಾನು ವಾದಿಸುತ್ತಿದ್ದೆ. ನನ್ನ ಸಹಾಯಕ ಹರಪನಹಳ್ಳಿ ಪೇಟೆಯ ಮುಸ್ಲಿಂ ಮನೆತನದವ, ನಮಾಜು ತಪ್ಪಿಸದವ. ಅವನು ಒಪ್ಪುತ್ತಿರಲಿಲ್ಲ.

“ಕೆಟ್ಟದ್ದು ಕೆಟ್ಟದ್ದ ಐತಿ ಸರ್. ದೀಪ ಆರ್ಸಿಬಿಟ್ರೆ ದಾರ್ಯಾಗಿನ ಗುಂಡಿ ಮಾಯ ಆಗ್ತೈತೇನು?” ಎನ್ನುತ್ತಿದ್ದ.

“ಗುಂಡಿ ತೋಡ್ದೋರು ನಾವಾ ಅಲ್ಲೇನೋ” ಎಂದು ನಾನು ಅವನ ಬಾಯಿ ಮುಚ್ಚಿಸುತ್ತಿದ್ದೆ.

ಆ ಬೆಳಿಗ್ಗೆ ಹೊಲದಲ್ಲಿ ನಾನು ಎರಡನೇ ಮರಿಯ ಚರ್ಮ ಬಿಡಿಸುವಾಗ ಆ ಹೆಂಗಸು ಹತ್ತಿರ ಬಂದು ಕೂತಳು.

“ಗುಡ್ಡದಾಂವ ಹಿಂಗ ಮಾಡಂಗಿಲ್ರಿ” ಎಂದಳು. “ಅಂವಗ ಅವನ ಪಾಲು ಕೊಡ್ತೀವಿ.”

ಅವರ ಮನೆಯಲ್ಲಿ ತೋಳದ ಹೆಸರು ಎತ್ತುವುದಿಲ್ಲ, ಗುಡ್ಡದಾಂವ ಎನ್ನುತ್ತಾರೆ. ಹುಟ್ಟುವಾಗಲೇ ಸತ್ತ ಮರಿ, ಈದ ಕುರಿಯ ಮಾಸು, ಇವನ್ನು ಹೂಳದೆ ಗುಡ್ಡದ ಕೆಳಗಿನ ಹಳ್ಳದಲ್ಲಿ ಇಟ್ಟು ಬರುತ್ತಾರೆ. ಅದು ಗುಡ್ಡದ ಪಾಲು. ಪಾಲು ಮುಟ್ಟಿದರೆ ಗುಡ್ಡದಾಂವ ದೊಡ್ಡಿಗೆ ಬರುವುದಿಲ್ಲ ಎಂದು ಅವಳ ಅತ್ತೆ ಹೇಳಿದ್ದಳಂತೆ, ಅತ್ತೆಗೆ ಅವಳತ್ತೆ. ನನಗೆ ಒಳಗೊಳಗೇ ನಗು ಬಂತು. ಇದೂ ವ್ಯವಹಾರವೇ ಅಲ್ಲವೇ ಅನಿಸಿತು.

ಮರಿಗಳ ಮೈ ಏನನ್ನೂ ಸ್ಪಷ್ಟವಾಗಿ ಹೇಳಲಿಲ್ಲ. ಗಂಟಲಲ್ಲಿ ಆಳವಾದ ತೂತು, ಸುತ್ತ ಕಪ್ಪು. ಇದು ತೋಳದ ರೀತಿ. ಆದರೆ ತೊಡೆಯಲ್ಲೂ ಪಕ್ಕೆಯಲ್ಲೂ ಹರಿದ ಗಾಯಗಳಿದ್ದವು. ಇದು ನಾಯಿಯ ರೀತಿ. ಕೋರೆಹಲ್ಲುಗಳ ನಡುವಿನ ಅಂತರ ಅಳೆದರೆ ದೊಡ್ಡ ನಾಯಿಗೂ ಹೊಂದುತ್ತದೆ, ತೋಳಕ್ಕೂ ಹೊಂದುತ್ತದೆ. ಹೆಜ್ಜೆ ಗುರುತು ನೋಡೋಣವೆಂದರೆ ಅಷ್ಟು ಹೊತ್ತಿಗೆ ಅರ್ಧ ಊರೇ ಅದರ ಮೇಲೆ ನಡೆದಾಡಿತ್ತು.

ಆಗ ನನಗೆ ಒಂದು ವಿಷಯ ಹೊಳೆಯಿತು. ಹಿಂದಿನ ದಿನ ಸಂಜೆ ನಾನು ಇದೇ ಹಿಂಡಿಗೆ ಬಂದಿದ್ದೆ. ಜಾಲಿ ಮುಳ್ಳಿಗೆ ಕಿವಿ ಹರಿದುಕೊಂಡ ಒಂದು ಬಿಳಿ ಮರಿಯ ಗಾಯದಲ್ಲಿ ಹುಳ ಬಿದ್ದಿತ್ತು. ಹುಳ ತೆಗೆದು ಕಿವಿ, ಕೆನ್ನೆಯ ಉಣ್ಣೆಯ ತುಂಬ ನೇರಳೆ ಬಣ್ಣದ ಔಷಧ ಸಿಂಪಡಿಸಿದ್ದೆ. ಆ ಮರಿ ಈಗ ಗೋಣಿತಟ್ಟಿನ ಮೇಲಿತ್ತು, ಕಿವಿ ಇರಲಿಲ್ಲ. ಕೆನ್ನೆಯ ಅರ್ಧ ಭಾಗವೂ ಇರಲಿಲ್ಲ. ಅದು ಯಾವುದೋ ಹೊಟ್ಟೆಯಲ್ಲಿತ್ತು.

ಕೆಂಚನತ್ತ ನೋಡಿದೆ. ದೊಡ್ಡಿಯ ಬಲೆಯ ಪಕ್ಕ ಮಲಗಿತ್ತು. ಎಂದಿನಂತೆ ನನ್ನ ಚೀಲ ಮೂಸಲು ಎದ್ದು ಬಂದಿರಲಿಲ್ಲ. ಮೈದುನನಿಗೆ ಅದನ್ನು ಹಿಡಿದುಕೊಳ್ಳಲು ಹೇಳಿ, ಗಾಯ ತೊಳೆಯುವ ಪೆರಾಕ್ಸೈಡಿಗೆ ನೀರು ಬೆರೆಸಿ ಸಿರಿಂಜಿನಿಂದ ಕೆನ್ನೆಯೊಳಗೆ ಬಿಟ್ಟೆ. ಇದನ್ನು ಕುಡಿಸಿದರೆ ನಾಯಿ ಸ್ವಲ್ಪ ಹೊತ್ತಿನಲ್ಲಿ ವಾಂತಿ ಮಾಡುತ್ತದೆ. ಮೈದುನ ಅದರ ಬೆನ್ನು ಸವರುತ್ತ “ಇರಲೇ ಕೆಂಚಾ, ಇರಲೇ” ಎನ್ನುತ್ತಿದ್ದ. ಊರಿನವರಿಗೆ ಕಾಣದಂತೆ ಅಡ್ಡ ಕೂತಿದ್ದ. ಅವನಿಗೆ ಆಗಲೇ ಗೊತ್ತಾಗಿತ್ತೆಂದು ಕಾಣುತ್ತದೆ.

ಕೆಂಚ ವಾಂತಿ ಮಾಡಿತು. ಮರಿಯ ಗೊರಸಿನ ತುದಿ, ಎಲುಬಿನ ಚೂರು, ಉಣ್ಣೆ. ಹಳ್ಳದ ಪಾಲನ್ನು ತಿಂದಿದ್ದರೂ ಇಷ್ಟು ಬರಬಹುದಿತ್ತು. ಕಡ್ಡಿಯಿಂದ ಉಣ್ಣೆಯನ್ನು ಬಿಡಿಸಿ ನೀರು ಹಾಕಿದೆ. ನೇರಳೆ ಬಣ್ಣ ಕಂಡಿತು. ತೋಳ ಕೊಂದು ಬಿಟ್ಟದ್ದನ್ನು ತಿಂದಿರಬಹುದೇ ಎಂದರೆ, ತೋಳ ಬಂದಿದ್ದರೆ ಕೆಂಚ ಬೊಗಳದೆ ಬಿಡುತ್ತಿರಲಿಲ್ಲ, ರಾತ್ರಿ ಅದು ಬೊಗಳಿರಲಿಲ್ಲ.

ಊರಿನವರು ಬೇವಿನ ಮರದ ಕೆಳಗೆ ಬೀಡಿ ಸೇದುತ್ತ ಕಾಯುತ್ತಿದ್ದರು. ಅವರಿಗೆ ಇದು ಕಂಡಿರಲಿಲ್ಲ. ಕಂಡದ್ದು ನಮ್ಮ ಮೂವರಿಗೆ ಮಾತ್ರ. ಮೈದುನ ಕಾಲಿನಿಂದ ಮಣ್ಣು ಎಳೆದು ಅದರ ಮೇಲೆ ಮುಚ್ಚಿದ.

“ಸರ್, ಕಣ್ಣು ಬಿಡದ ಮರಿ ಇದ್ದಾಗಿಂದ ನನ್ನ ಕಂಬಳ್ಯಾಗ ಮಲಗ್ಯಾನ. ಆಡಿನ ಹಾಲು ಹಾಕಿ ಬೆಳಿಸೀನಿ. ತೋಳ ಅಂದ್ಬಿಡ್ರಿ. ರಾತ್ರಿ ಅವನ ಬಾಯಿಗೆ ಕುಕ್ಕಿ ಹಾಕಿ ಕಟ್ಟಿರ್ತೀನಿ. ತೋಳೇನು ಬಂದು ನಿಮ್ಮನ್ನ ಕೇಳ್ತೈತೇನ್ರಿ?” ಎಂದ. ಕುಕ್ಕೆ ಎಂದರೆ ಕಣದಲ್ಲಿ ತೆನೆ ತುಳಿಸುವಾಗ ಎತ್ತಿನ ಬಾಯಿಗೆ ಕಟ್ಟುವ ಹಗ್ಗದ ಬಲೆ.

ನಾನು ನಿಂತು ಯೋಚಿಸಿದೆ. ತೋಳ ಎಂದರೆ ಮೈದುನನಿಗೆ ನಾಯಿ ಉಳಿಯುತ್ತದೆ. ಮಾಲೀಕನ ಆಡುಗಳಿಗೆ ಗುಡ್ಡದ ಭಯ ತಪ್ಪುತ್ತದೆ. ಹುಲ್ಲು ಹೊತ್ತು ತಂದವರ ಹೊರೆ ದಂಡವಾಗುವುದಿಲ್ಲ. ಅವಳಿಗೆ ಹಿಂಡಿನ ಕಾವಲು ಉಳಿಯುತ್ತದೆ, ಜೊತೆಗೆ ತೋಳದ ಕಾಟವೂ ಮುಗಿಯುತ್ತದೆ. ನಾನು ಊಟದ ಹೊತ್ತಿಗೆ ಕೊಟ್ಟೂರಿನಲ್ಲಿರುತ್ತೇನೆ. ಅಲ್ಲಿದ್ದ ಒಬ್ಬರಿಗೂ ನಿಜದಿಂದ ಲಾಭವಿರಲಿಲ್ಲ. ಚಹಾ ಕುಡಿಯುವಾಗಿನ ನನ್ನ ವಾದದ ಪ್ರಕಾರ ಇದು ಲೆಕ್ಕ ತಪ್ಪದ ಸುಲಭದ ಕೆಲಸ. ಆದರೂ ಅವಳ ಮುಖ ನೋಡಿದೆ, ನೀನೇ ಹೇಳು ಎಂಬಂತೆ. ಹೊಣೆಯನ್ನು ಅವಳ ತಲೆಗೆ ದಾಟಿಸಿದೆ ಎಂದರೂ ಸರಿಯೇ.

ಅವಳು ಸೆರಗು ಬಿಗಿದುಕೊಂಡು ಬೇವಿನ ಮರದ ಕಡೆ ನಡೆದಳು.

“ಗುಡ್ಡದಾಂವ ಅಲ್ಲ. ನಮ್ಮ ಕೆಂಚ” ಎಂದಳು. “ಹುಲ್ಲು ತಗೊಂಡು ಮನಿಗೆ ಹೋಗ್ರಿ.”

ಮೈದುನ ಕೂಗಾಡಿದ. “ನಿನಗೇನ್ ಬಂತು? ಆ ತೋಳ ನಿಂಗೇನ್ ಬಂಧುನಾ ಬಳಗಾನಾ?”

“ಅದು ಬಂದು ಕೇಳಂಗಿಲ್ಲ ಅಂತ ನೀನಾ ಅಂದ್ಯಲ್ಲ. ಅದಕ್ಕಾ ನಾನು ಹೇಳಾಕತ್ತೀನಿ” ಎಂದಳು.

“ಬೇಲಿನಾ ಎದ್ದು ಹೊಲ ಮೇಯ್ದಂಗಾತಲ್ಲ!” ಎಂದ ಮಾಲೀಕ. ತೋಳದ ಮೇಲಿದ್ದ ಸಿಟ್ಟೆಲ್ಲ ಈಗ ಒಂದೇ ಸಲಕ್ಕೆ ನಾಯಿಯ ಕಡೆ ತಿರುಗಿತು. ತೋಳ ಕೊಂದರೆ ಹಸಿವು, ನಾಯಿ ಕೊಂದರೆ ದ್ರೋಹ. ರುಚಿ ಕಂಡ ನಾಯಿ ನಾಳೆ ಊರ ಆಡಿಗೂ ಬೀಳುತ್ತದೆ, ಇಲ್ಲೇ ಬಡಿದು ಹಾಕಬೇಕು ಎಂದು ಒಬ್ಬ ಕೋಲು ಹುಡುಕಿದ. ಕೆಂಚ ಅವನ ಮುಂದೆ ಬಾಲ ಅಲ್ಲಾಡಿಸಿತು. ನನಗೆ ತಡೆಯಲಾಗಲಿಲ್ಲ. ನಾನು ಒಯ್ಯುತ್ತೇನೆ ಎಂದು ಹೇಳಿ ಅದನ್ನು ನನ್ನ ಜೀಪಿಗೆ ಹತ್ತಿಸಿಕೊಂಡೆ. ಮೈದುನ ಪಟ್ಟಿ ಬಿಚ್ಚಲು ಬಿಡಲಿಲ್ಲ, ಪಟ್ಟಿ ಇಲ್ಲದೆ ಕೆಂಚನಿಗೆ ನಿದ್ದೆ ಬರುವುದಿಲ್ಲ ಎಂದ.

ಚಿಕಿತ್ಸಾಲಯದ ಹಿಂದಿನ ಶೆಡ್ಡಿನಲ್ಲಿ ಕೆಂಚನನ್ನು ಕಟ್ಟಿದೆವು. ಹಗರಿಬೊಮ್ಮನಹಳ್ಳಿಯಲ್ಲಿ ಗೋದಾಮು ಇಟ್ಟುಕೊಂಡವರೊಬ್ಬರು ಕಾವಲಿಗೆ ದೊಡ್ಡ ನಾಯಿ ಬೇಕೆಂದಿದ್ದರು. ಅಲ್ಲಿ ಕುರಿ ಇಲ್ಲ, ತಗಡಿನ ಬಾಗಿಲು, ಸಿಮೆಂಟಿನ ನೆಲ. ಬಂದು ಒಯ್ಯುತ್ತೇವೆ ಎಂದರು. ನನಗೆ ಸಮಾಧಾನವಾಯಿತು. ಆ ಸಂಜೆ ಸಹಾಯಕನಿಗೆ ನಡೆದದ್ದೆಲ್ಲ ಹೇಳಿ, “ಆಕೆಗೆ ಇದರಾಗ ಏನು ಲಾಭ, ಹೇಳು ನೋಡೋಣ” ಎಂದೆ. ಗೆಲ್ಲಬಹುದಾದ ವಾದವನ್ನು ನಾನೇ ಅವನ ಕೈಗೆ ಕೊಟ್ಟಿದ್ದೆ. ಅವನು ಗೆಲ್ಲಲು ಮನಸ್ಸು ಮಾಡಲಿಲ್ಲ.

“ನಾಯಿ ಏನೂ ತಿನ್ನವಲ್ದು ಸರ್. ಹಾಲು ಇಟ್ರೂ ಮೂಸಂಗಿಲ್ಲ. ಆ ಗುಡ್ಡದ ದಿಕ್ಕಿಗೇ ಮುಖ ಮಾಡ್ಕೊಂಡು ಕುಂತೈತಿ” ಎಂದ.

ಗೋದಾಮಿನವರು ಬರುವುದರೊಳಗೆ ಕೆಂಚ ಹಗ್ಗ ಕಡಿದುಕೊಂಡು ಹೋಗಿತ್ತು. ಸರಪಳಿ ಹಾಕಬೇಕಿತ್ತು. ಸರಪಳಿ ತುಕ್ಕು ಹಿಡಿದಿದೆ, ಕತ್ತು ಗಾಯವಾದೀತು ಎಂದು ನಾನೇ ಹಗ್ಗ ಕಟ್ಟಿಸಿದ್ದೆ.

ಬೆಳಿಗ್ಗೆ ಹೊಲಕ್ಕೆ ಹೋಗುವಾಗ ದಾರಿಯುದ್ದಕ್ಕೂ ಅದು ಎಲ್ಲೋ ತಪ್ಪಿಸಿಕೊಂಡಿರಲಿ, ತೆಲಿಗಿಗೆ ಹೋಗುವ ಬಸ್ಸಿನ ಗಾಲಿಗಾದರೂ ಸಿಕ್ಕಿರಲಿ, ಅಲ್ಲಿಗೆ ಮಾತ್ರ ಹೋಗದಿರಲಿ ಎಂದುಕೊಂಡೆ. ಅಲ್ಲಿಗೇ ಹೋಗಿತ್ತು. ಮತ್ತೆ ಮರಿಗಳು ಸತ್ತಿದ್ದವು. ನನ್ನ ಕರುಣೆಯ ಬೆಲೆಯನ್ನು ಅವು ತೆತ್ತಿದ್ದವು. ಕೆಂಚ ಉಳಿದ ಮರಿಗಳ ನಡುವೆ, ದೊಡ್ಡಿಯ ಬಾಗಿಲಿಗೆ ಅಡ್ಡವಾಗಿ ಮಲಗಿತ್ತು. ಒಂದು ಎಳೆಯ ಮರಿ ಅದರ ಹೊಟ್ಟೆಗೆ ಒರಗಿಕೊಂಡು ಕಾವು ಪಡೆಯುತ್ತಿತ್ತು. ನನ್ನನ್ನು ಕಂಡು ಎದ್ದು ಬಂದು, ಚೀಲ ಮೂಸಿ, ಸೀನಿ, ಕಾಲ ಬಳಿ ಕೂತಿತು. ಕೆಲಸ ಬಿಟ್ಟು ಎತ್ತಲೋ ಹೋಗಿದ್ದೆ, ಮರಳಿ ಬಂದಿದ್ದೇನೆ ಎನ್ನುವ ಹಾಗಿತ್ತು ಅದರ ನಡವಳಿಕೆ.

ಮೈದುನ ಬಂಡೆಯ ಮೇಲೆ ಬೆನ್ನು ಮಾಡಿ ಕೂತಿದ್ದ.

“ಸೂಜಿ ಮಾಡಿಬಿಡ್ರಿ” ಎಂದಳು ಅವಳು.

ಕುಕ್ಕೆ ಹಾಕಿ ಇಟ್ಟುಕೊಳ್ಳಬಹುದಲ್ಲ ಎಂದೆ. ನಾನೇ ಈಗ ಮೈದುನನ ಮಾತು ಆಡುತ್ತಿದ್ದೆ.

“ಬಾಯಿ ಕಟ್ಟಿದ ನಾಯಿ ಗುಡ್ಡದಾಂವ ಬಂದಾಗ ಏನ್ ಮಾಡ್ತೈತ್ರಿ? ಮರೀನೂ ಹೋಗ್ತಾವ, ಇದೂ ಹೋಗ್ತೈತಿ. ನೀವು ಮಾಡ್ದಿದ್ರ ಊರವ್ರು ಕೋಲಿಂದ ಮಾಡ್ತಾರ.”

ಅವಳು ಹಾಲಿನಲ್ಲಿ ರೊಟ್ಟಿ ಕಿವುಚಿ ತಂದಿಟ್ಟಳು. ಚಿಕಿತ್ಸಾಲಯದಲ್ಲಿ ಏನನ್ನೂ ಮುಟ್ಟದಿದ್ದ ಕೆಂಚ ತಟ್ಟೆಯನ್ನು ನೆಕ್ಕಿ ಖಾಲಿ ಮಾಡಿತು. ಮೊದಲು ತೊಡೆಗೆ ಮಂಪರಿನ ಸೂಜಿ ಹಾಕಿದೆ. ಅದು ಹತ್ತುವವರೆಗೆ ಕಾಯಬೇಕು. ಮುಂಗಾಲಿನ ಕೂದಲು ಬೋಳಿಸಿ, ಸ್ಪಿರಿಟ್ ಹಚ್ಚಿ, ರಕ್ತನಾಳ ಎದ್ದು ಕಾಣುವಂತೆ ಮೊಣಕೈ ಬಳಿ ಒತ್ತಿ ಹಿಡಿಯಬೇಕು. ಮೈದುನ ಬಾರದ್ದರಿಂದ ಅವಳೇ ಹಿಡಿದಳು. ಕೆಂಚನ ತಲೆ ವಾಲತೊಡಗಿದಾಗ ಪಟ್ಟಿಯ ಮುಳ್ಳು ಅವಳ ಕೈಗೆ ತಾಗಿತು. ಅವಳು ಪಟ್ಟಿ ಬಿಚ್ಚಿದಳು. ಕೊರಳ ಸುತ್ತ ಉಣ್ಣೆಯಷ್ಟು ಮೆತ್ತಗಿನ ಕೂದಲಿತ್ತು, ಬಿಸಿಲು ಕಾಣದ್ದು.

“ಇದಕ್ಕ ಗೊತ್ತಿತ್ತೇನ್ರಿ, ತಪ್ಪು ಮಾಡಾಕತ್ತೀನಿ ಅಂತ?” ಎಂದು ಕೇಳಿದಳು.

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿತ್ತು. “ಇಲ್ಲ” ಎಂದೆ.

“ಹಳ್ಳದಾಗ ಪಾಲು ಇಡಾಕ ಹೋದಾಗೆಲ್ಲ ನನ್ನ ಹಿಂದ ಬರ್ತಿತ್ತು. ನಾನು ಬೈತಿರ್ಲಿಲ್ಲ. ಅಲ್ಲೇ ರುಚಿ ಹತ್ತೈತಿ. ಹೌದಿಲ್ರಿ?”

ಹಾಗೆಂದು ಖಚಿತವಾಗಿ ಹೇಳಲು ಯಾರಿಂದಲೂ ಆಗುವುದಿಲ್ಲ. ಇರಬಹುದು ಎಂದೆ. ಇಲ್ಲ ಎನ್ನಬಹುದಿತ್ತು, ಅವಳು ನಂಬುತ್ತಿದ್ದಳು.

“ಅದಕ್ಕ ಗೊತ್ತಿಲ್ಲ, ಅದರ ಮ್ಯಾಲ ಏನೂ ಬರಂಗಿಲ್ಲ” ಎಂದಳು. “ನಮಗ ಗೊತ್ತೈತಿ. ನಮ್ಮ ಮ್ಯಾಲ ಬರ್ತೈತಿ. ಹಾಕ್ರಿ.”

ಹಾಕಿದೆ. ಅರಿವಳಿಕೆಯ ಔಷಧವನ್ನು ಮಿತಿ ಮೀರಿ ಕೊಟ್ಟರೆ ಮೊದಲು ಉಸಿರು ನಿಲ್ಲುತ್ತದೆ, ಆಮೇಲೆ ಎದೆ. ಎದೆಗೆ ಸ್ಟೆತಸ್ಕೋಪ್ ಹಚ್ಚಿ ಕೇಳಿದೆ, ಕಣ್ಣಿನ ಪಾಪೆ ಮುಟ್ಟಿ ನೋಡಿದೆ. ಕೆಲಸ ಶುದ್ಧವಾಗಿ ಆಗಿತ್ತು. ಹಿಂದೆಯೂ ಎಷ್ಟೋ ಪ್ರಾಣಿಗಳಿಗೆ ಇದನ್ನು ಮಾಡಿದ್ದೇನೆ, ನೋವಿನಿಂದ ಬಿಡಿಸುವುದಕ್ಕೆ. ಕೆಂಚನಿಗೆ ಯಾವ ನೋವೂ ಇರಲಿಲ್ಲ. ಅದು ಗಟ್ಟಿಮುಟ್ಟಾದ ಪ್ರಾಣಿ. ಜೀಪಿನಲ್ಲಿ ಕೂತ ಮೇಲೆ ಬೀಗದ ಕೈ ತಿರುಗಿಸಲು ನನಗೆ ಬಹಳ ಹೊತ್ತು ಹಿಡಿಯಿತು. ಇದೆಲ್ಲ ನಮ್ಮ ಅನುಕೂಲ ಅಷ್ಟೇ ಎಂದು ಮನಸ್ಸಿನಲ್ಲೇ ಹೇಳಿಕೊಂಡು ನೋಡಿದೆ. ಮಾತು ಸರಿಯಾಗಿಯೇ ಇತ್ತು, ಎದೆ ಹಗುರಾಗಲಿಲ್ಲ.

ಮೈದುನ ಕೆಂಚನನ್ನು ಹೊಲದ ಬದುವಿನಲ್ಲಿ ಆಳವಾಗಿ ಹೂತ. ಅವತ್ತಿನಿಂದ ಅವರು ಸತ್ತ ಮರಿಗಳನ್ನೂ ಮಾಸನ್ನೂ ಹೂಳತೊಡಗಿದರು. ಗುಡ್ಡದ ಪಾಲು ನಿಂತಿತು.

ಕೆಲವು ವಾರ ಕಳೆದವು. ಬಿಸಿಲು ಏರತೊಡಗಿತ್ತು. ಹಿಂಡು ಅದೇ ಮಾಲೀಕನ ಇನ್ನೊಂದು ಹೊಲಕ್ಕೆ ಸರಿದಿತ್ತು. ಒಂದು ಬೆಳಿಗ್ಗೆ ಚಿಕಿತ್ಸಾಲಯದಲ್ಲಿ ಎಮ್ಮೆಯೊಂದರ ಕೆಚ್ಚಲು ನೋಡುತ್ತಿದ್ದಾಗ ಅವಳ ಫೋನ್ ಬಂತು.

“ಗುಡ್ಡದಾಂವ ಬಂದಿದ್ದನ್ರಿ” ಎಂದಳು. ದನಿ ಸಣ್ಣಗಿತ್ತು. “ಗಂಟಲಿಗೆ ಒಂದಾ ಬಾಯಿ. ಬ್ಯಾರೆ ಎಲ್ಲೂ ಗಾಯ ಇಲ್ಲ. ಮೈದುನ ಬೆನ್ನು ಹತ್ತಿದ್ದಕ್ಕ ಮರಿ ಬಿಟ್ಟು ಹೋತು.”

“ಕೆಂಚ ಇದ್ದಿದ್ರ...” ಎಂದೆ.

“ಹೌದ್ರಿ. ಕೆಂಚ ಇದ್ದಿದ್ರ ಬರ್ತಿರ್ಲಿಲ್ಲ.”

ಊರಿನವರಿಗೆ ತಿಳಿಯಿತೇ ಎಂದು ಕೇಳಿದೆ. ಹುಲ್ಲಿನ ಹೊರೆಗಳು ನನ್ನ ಕಣ್ಣ ಮುಂದೆ ಬಂದವು.

“ಇಲ್ರಿ. ಹೊಟ್ಟಿ ಉಬ್ಬರಿಸಿ ಸತ್ತೈತಿ ಅಂತ ಹೇಳೀನಿ. ಮೈದುನನೂ ಹಂಗಾ ಅಂದಾನ. ಹೂಳಿಬಿಟ್ಟೀವಿ. ಇವ್ರು ಗವಿಗೆ ಹೋದ್ರ ಆ ಮರಿಗಳು ಇನ್ನೂ ಸಣ್ಣವು ಅದಾವ್ರಿ.” ಆಮೇಲೆ, “ನಿಮಗ ಒಬ್ರಿಗೆ ಹೇಳಬೇಕು ಅನಿಸ್ತು” ಎಂದು ಫೋನ್ ಇಟ್ಟಳು.

ಅವಳದು ಸತ್ಯದ ಹಟ ಎಂದು ನಾನು ಇಷ್ಟು ದಿನ ತಿಳಿದಿದ್ದೆ. ತನ್ನ ನಾಯಿ ಹೋಗುತ್ತದೆಂದು ಗೊತ್ತಿದ್ದೂ ಸುಳ್ಳು ಹೇಳದಿದ್ದವಳು, ತನ್ನ ಮರಿಯನ್ನು ಕೊಂದದ್ದರ ಮರಿಗಳಿಗಾಗಿ ಈಗ ಸುಳ್ಳು ಹೇಳಿದ್ದಳು. ಎರಡು ಸಲವೂ ನಷ್ಟ ಅವಳದೇ. ಎಮ್ಮೆಯ ಯಜಮಾನ ಕಾಯುತ್ತಿದ್ದ, ನಾನು ಮತ್ತೆ ಕೆಚ್ಚಲಿಗೆ ಕೈ ಹಾಕಿದೆ.

ಮಧ್ಯಾಹ್ನ ಹೊಲದ ಮಾಲೀಕ ಬಂದ. ಆಡಿಗೆ ಜಂತಿನ ಔಷಧ ಬೇಕೆಂದು ನೆಪ. ಔಷಧ ತೆಗೆದುಕೊಂಡ ಮೇಲೂ ಹೋಗಲಿಲ್ಲ.

“ಸರ್, ಕುರಿಯಾಕಿ ಮರಿ ಒಂದು ಉಬ್ಬರಿಸಿ ಸತ್ತೈತಂತ. ನಂಗ್ಯಾಕೋ ನಂಬಿಕಿ ಬರವಲ್ದು. ತೋಳ ಅಡ್ಡಾಡಿದಂಗ ಐತಿ. ಹೂತಿದ್ದು ತೆಗಿಸಿ ನೋಡೋಣೇನ್ರಿ? ನೀವು ಚರ್ಮ ಸುಲಿದ್ರ ಗೊತ್ತಾಗ್ತೈತಿ.”

ಸಹಾಯಕ ಔಷಧದ ಕಪಾಟಿನ ಬಳಿ ನಿಂತಿದ್ದ. ಫೋನಿನಲ್ಲಿ ನಾನು ಆಡಿದ ಮಾತೆಲ್ಲ ಅವನ ಕಿವಿಗೆ ಬಿದ್ದಿತ್ತು. ಅವನು ನನ್ನ ಮುಖ ನೋಡಿದ.

“ಬ್ಯಾಡ” ಎಂದೆ. “ನಾನು ನಿನ್ನೆ ಸಂಜಿ ಹೋಗಿದ್ದೆ. ಆಗಲೇ ಮರಿ ಹೊಟ್ಟಿ ಉಬ್ಬಿತ್ತು, ಉಬ್ಬರಾನ. ನಾನೇ ನೋಡೀನಿ.”

ಮಾಲೀಕ ಹೋದ. ಸಹಾಯಕ ಕಪಾಟು ಮುಚ್ಚಿ, ಚಹಾ ಮಾಡಲೇ ಎಂದು ಕೇಳಿದ. ಮಾಡು ಎಂದೆ. ಇಬ್ಬರೂ ಕುಡಿದೆವು. ಅವತ್ತು ವಾದ ನಡೆಯಲಿಲ್ಲ. ತೋಳ ಮತ್ತೆ ಬರುತ್ತದೆ ಎಂದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಹಿಂಡಿಗೆ ನಾಯಿ ಇರಲಿಲ್ಲ.